ಕಿರ್ದಿ ಇಲ್ಲಿ, ಖಾತೆ ಅಲ್ಲಿ

ಮೂರು ಮಳೆಗಾಲದ ಹಿಂದೆ, ಜುಲೈ ತಿಂಗಳಲ್ಲಿ, ಆಲ್ದೂರು ಕಡೆಯ ಒಂದು ಕಾಫಿ ತೋಟದಿಂದ ರೈಟ್ರು, ಅಂದರೆ ತೋಟದ ಲೆಕ್ಕ ಬರೆಯುವವರು, ಫೋನ್ ಮಾಡಿದರು. ಟವರ್ ಸಿಗಲಿ ಅಂತ ಗೇಟಿನ ಪಕ್ಕದ ದಿಬ್ಬ ಹತ್ತಿ ಕೊಡೆ ಹಿಡಿದು ನಿಂತಿದ್ದರಂತೆ. ಮಳೆಯ ಸದ್ದಿನಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ.

"ಸಾರ್, ಎರಡು ದಿನದಿಂದ ಕರೆಂಟಿಲ್ಲ, ನೆಟ್ಟೂ ಇಲ್ಲ. ನಾಳೆ ಬಟವಾಡೆ. ಜನರೇಟರ್ ಹಾಕಿ ನಿಮ್ಮ ಹಳೇ ಪ್ರೋಗ್ರಾಮನ್ನೇ ತೆಗೀಲಾ?"

ಹಳೇ ಪ್ರೋಗ್ರಾಮು ಅಂದರೆ 2003ರಲ್ಲಿ ನಾನೇ ಬರೆದು ಕೊಟ್ಟದ್ದು. ಅದಕ್ಕೆ ನಿವೃತ್ತಿ ಕೊಟ್ಟು, ಇಂಟರ್ನೆಟ್ ಮೂಲಕ ಬ್ರೌಸರಿನಲ್ಲಿ ನಡೆಯುವ ಹೊಸ ವೆಬ್ ಆವೃತ್ತಿ ಕೊಟ್ಟು ಒಂದು ವರ್ಷ ಆಗಿತ್ತು. ಹಳೆಯದನ್ನು ತೆಗೆದುಹಾಕಿ ಅಂತ ಹೇಳಿಯೂ ಇದ್ದೆ. ಅವರು ತೆಗೆದಿರಲಿಲ್ಲ. ಹೂಂ, ತೆಗೀರಿ ಅಂದೆ. ಶನಿವಾರ ಎಲ್ಲರಿಗೂ ಸಂಬಳ ಹೋಯಿತು. ನನಗೆ ಮಾತ್ರ ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಅಷ್ಟು ಕಷ್ಟಪಟ್ಟು ಕಟ್ಟಿದ ಹೊಸ ಮನೆ ಸೋರುತ್ತಿದೆ ಅಂತ ಗೊತ್ತಾದಾಗ ಹಳೇ ಮನೆಗೆ ಹೋಗಿ ಮಲಗಿದ ಹಾಗಿತ್ತು ಅದು.

ನನ್ನದು ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಪಕ್ಕದ ಒಂದು ಓಣಿಯಲ್ಲಿ ಒಂದೇ ಕೋಣೆಯ ಆಫೀಸು. ತೋಟ, ಗೋಡೌನು, ಅಂಗಡಿ, ಇಂಥವರಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಂಡು ಇಪ್ಪತ್ತು ವರ್ಷ ದಾಟಿದೆ. ಕೊರೊನಾ ಬಂದಮೇಲೆ ಬೆಂಗಳೂರಿನಿಂದ ಊರಿಗೆ ಮರಳಿದ ಹುಡುಗರು ಕೆಲವರು ಕಾಫಿಗೆ ಸಿಗುತ್ತಾರೆ. ನಾನು ಡೆಸ್ಕ್‌ಟಾಪ್, ಅಂದರೆ ನೆಟ್ ಇಲ್ಲದೆ ಕಂಪ್ಯೂಟರಿನ ಒಳಗೇ ಓಡುವ ಪ್ರೋಗ್ರಾಮು, ಅಂದರೆ ನಗುತ್ತಾರೆ. "ಈಗ ಅದನ್ನ ಯಾರು ಬರೀತಾರೆ ಅಣ್ಣಾ?" ಅವರಿಗೆ ಕೂತು ಉತ್ತರ ಕೊಡಲು ಆಗಿರಲಿಲ್ಲ. ಇಲ್ಲಿ ಪ್ರಯತ್ನ ಮಾಡುತ್ತೇನೆ.

ನಾನು ಶುರು ಮಾಡಿದಾಗ ಎರಡೇ ದಾರಿ. ಪ್ರೋಗ್ರಾಮು ಬರೆಯಲು ಒಂದು ಫಾಕ್ಸ್‌ಪ್ರೋ, ಇನ್ನೊಂದು 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6, ಅದರ ಜೊತೆಗೆ ಲೆಕ್ಕದ ಮಾಹಿತಿ ಇಡಲು ಆಕ್ಸೆಸ್ ಫೈಲು. ನಾನು ಎರಡನೆಯದನ್ನು ಹಿಡಿದೆ. ಬೆಳಿಗ್ಗೆ ಸ್ಕ್ರೀನಿನ ಫಾರ್ಮಿನ ಮೇಲೆ ಸಾಲು-ಕಂಬಗಳ ಒಂದು ಗ್ರಿಡ್ ಎಳೆದು ಹಾಕಿದರೆ ಸಂಜೆಗೆ ಕೆಲಸ ಮಾಡುವ ಪ್ರೋಗ್ರಾಮು ಸಿದ್ಧ. ವೆಬ್ ಬರೆಯುವ ಇಂದಿನ ಹುಡುಗರಿಗೆ ಇದು ಉತ್ಪ್ರೇಕ್ಷೆ ಅನ್ನಿಸಬಹುದು. ಅಲ್ಲ. ಲಾಗಿನ್ ಬೇಡ, ಸರ್ವರ್ ಬೇಡ, ಸರ್ಟಿಫಿಕೇಟ್ ಬೇಡ. ರೂಮಿನ ಬಾಗಿಲಿನ ಬೀಗವೇ ಸೆಕ್ಯುರಿಟಿ. ಮೈಕ್ರೋಸಾಫ್ಟ್‌ನವರು 2008ರಲ್ಲಿ ವಿಬಿ 6ರ ಕೈ ಬಿಟ್ಟರು. ಫಾಕ್ಸ್‌ಪ್ರೋಗೆ 9ನೇ ಆವೃತ್ತಿಯೇ ಕೊನೆ ಅಂತ 2007ರಲ್ಲೇ ಹೇಳಿದ್ದರು. ಆದರೂ ಆಗ ಕಟ್ಟಿಕೊಟ್ಟ ಇಎಕ್ಸ್‌ಇ ಫೈಲುಗಳು, ಅಂದರೆ ಸಿದ್ಧ ಪ್ರೋಗ್ರಾಮುಗಳು, ವಿಂಡೋಸ್ 11ರಲ್ಲಿ ಇವತ್ತಿಗೂ ಓಡುತ್ತವೆ.

ಆ ಪ್ರೋಗ್ರಾಮಿನಲ್ಲಿ ರೈಟ್ರು ಕೆಲಸ ಮಾಡುವುದನ್ನು ನೋಡಬೇಕಿತ್ತು. ಎಡಗೈ ಬೆರಳು ಮೇಸ್ತ್ರಿಯ ಚೀಟಿ ಮೇಲೆ, ಬಲಗೈ ನಂಬರ್ ಪ್ಯಾಡಿನ ಮೇಲೆ. ಆಳಿನ ನಂಬರು, ಎಂಟರ್, ಕೆಲಸದ ಕೋಡು, ಎಂಟರ್. ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯುವುದಕ್ಕೆ) 4, ಕಳೆಗೆ 7, ಕೊಯ್ಲಿಗೆ 11. ಕೊಯ್ಲಾದರೆ ಹಣ್ಣಿನ ತೂಕ, ಮತ್ತೆ ಎಂಟರ್. ಅರವತ್ತು ಜನರ ಚೆಕ್‌ರೋಲು, ಅಂದರೆ ಹಾಜರಿ ಪಟ್ಟಿ, ಹತ್ತು ನಿಮಿಷ. ಕಣ್ಣು ಒಮ್ಮೆಯೂ ಸ್ಕ್ರೀನಿನ ಕಡೆ ಹೋಗುತ್ತಿರಲಿಲ್ಲ. ವೆಬ್ ಆವೃತ್ತಿ ಕೊಟ್ಟ ಮೊದಲ ವಾರ ಅದೇ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಮೌಸ್ ಹಿಡಿದು ಚಿಕ್ಕ ಚಿಕ್ಕ ಪೆಟ್ಟಿಗೆ ಹುಡುಕುವ ಅವರ ಮುಖ ನೋಡಿ ನನಗೇ ನಾಚಿಕೆ ಆಯಿತು. ತಪ್ಪು ವೆಬ್‌ನದಲ್ಲ. ಬ್ರೌಸರಿನಲ್ಲೂ ಎಂಟರ್ ಕೀಲಿಯಿಂದ ಮುಂದೆ ಹೋಗುವಂತೆ ಮಾಡಬಹುದು, ಆಮೇಲೆ ಮಾಡಿಯೂ ಕೊಟ್ಟೆ. ಆದರೆ ಡೆಸ್ಕ್‌ಟಾಪ್ ಬರೆಯುವಾಗ ಅದು ಕೈಗೆ ಅಭ್ಯಾಸವಾಗಿತ್ತು. ಇಲ್ಲಿ ನಾನು ನೆನಪು ಮಾಡಿಕೊಂಡು ಬರೆಯಬೇಕಾಯಿತು.

ಹಾಗಂತ ಹಳೆಯದೆಲ್ಲ ಚಿನ್ನ ಅನ್ನುವವನು ನಾನಲ್ಲ. ಆ ದಿನಗಳ ರಗಳೆ ಅನುಭವಿಸಿದವರಿಗೇ ಗೊತ್ತು.

ಊರಿನ ಒಂದು ಕಾಫಿ ಗೋಡೌನಿನಲ್ಲಿ ಮೂರು ಕಂಪ್ಯೂಟರಿದ್ದವು. ಫ್ಯಾನ್ ಕೆಳಗಿದ್ದ ಕಂಪ್ಯೂಟರಿಗೆ ಎಲ್ಲರೂ ಸರ್ವರ್ ಅನ್ನುತ್ತಿದ್ದರು. ನಿಜದಲ್ಲಿ ಅದು ಸರ್ವರೇ ಅಲ್ಲ. ಆಕ್ಸೆಸ್‌ಗೆ ಸರ್ವರ್ ಅನ್ನುವುದೇ ಇಲ್ಲ, ಅದು ಬರೀ ಒಂದು ಫೈಲು. ಉಳಿದ ಎರಡು ಕಂಪ್ಯೂಟರುಗಳು ಕೇಬಲ್ ಮೂಲಕ ಆ ಫೈಲಿಗೆ ನೇರವಾಗಿ ಕೈ ಹಾಕುತ್ತವೆ, ತಮಗೆ ಬೇಕಾದ ಪುಟಗಳನ್ನು ಎಳೆದುಕೊಂಡು ತಾವೇ ಹುಡುಕುತ್ತವೆ, ತಾವೇ ಬರೆಯುತ್ತವೆ. ಯಾರು ಯಾವ ಪುಟ ಹಿಡಿದಿದ್ದಾರೆ ಅನ್ನುವುದಕ್ಕೆ ಪಕ್ಕದಲ್ಲಿ ಒಂದು ಪುಟ್ಟ ಎಲ್‌ಡಿಬಿ ಫೈಲು. ಒಂದೇ ತಟ್ಟೆಗೆ ಮೂರು ಜನ ಕೈ ಹಾಕಿ ಊಟ ಮಾಡಿದ ಹಾಗೆ. ಹೊಂದಿಕೊಂಡು ಉಂಡರೆ ಏನೂ ತೊಂದರೆಯಿಲ್ಲ. ಒಬ್ಬ ಬರೆಯುತ್ತಿರುವಾಗ ಕರೆಂಟು ಹೋಯಿತೋ, ಪುಟ ಅರ್ಧಕ್ಕೆ ನಿಂತಿತು. ಮರುದಿನ ಫೈಲೇ ತೆರೆಯುವುದಿಲ್ಲ. ನಮ್ಮ ಊರಿನಲ್ಲಿ ಕರೆಂಟು ಹೋಗದ ಮಳೆಗಾಲ ಯಾವುದು ಹೇಳಿ? ಕೆಟ್ಟ ಫೈಲನ್ನು ಸರಿ ಮಾಡುವ ಕಾಂಪ್ಯಾಕ್ಟ್ ಅಂಡ್ ರಿಪೇರ್ ಅನ್ನುವ ಮೆನುವನ್ನು ನಾನು ಒತ್ತಿದಷ್ಟು ದೇವಸ್ಥಾನದ ಗಂಟೆಯನ್ನೂ ಬಾರಿಸಿಲ್ಲ. ಜೊತೆಗೆ ಫೈಲು 2 ಜಿಬಿ ಮುಟ್ಟಿದರೆ ಮುಂದೆ ದಾರಿಯಿಲ್ಲ, ಹಳೇ ವರ್ಷಗಳನ್ನು ಬೇರೆ ಫೈಲಿಗೆ ಸಾಗಿಸಬೇಕು.

ಇನ್ನು ತಿರುಗಾಟ. ಒಂದು ಬದಲಾವಣೆ ಮಾಡಿದರೆ ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತುವುದು. ಮೂಡಿಗೆರೆ, ಕಳಸ, ಕೊಪ್ಪ, ಇನ್ನೊಂದು ದಿಕ್ಕಿಗೆ ಬೇಲೂರು, ಸಕಲೇಶಪುರ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದದ್ದು ಬಿಟ್ಟರೆ ಅದರಲ್ಲಿ ಸುಖ ಏನೂ ಇರಲಿಲ್ಲ. ಒಂದು ಸುತ್ತು ಮುಗಿಯುವಷ್ಟರಲ್ಲಿ ಮೊದಲನೆಯವರಿಗೆ ಇನ್ನೊಂದು ಬದಲಾವಣೆ ಬೇಕಾಗಿರುತ್ತಿತ್ತು. ಕೊನೆಗೆ ಒಬ್ಬೊಬ್ಬರ ಹತ್ತಿರ ಒಂದೊಂದು ಆವೃತ್ತಿ. ಕಳಸದವರ ಟೇಬಲ್ಲಿನಲ್ಲಿ ಇರುವ ಕಾಲಮ್ಮು ಕೊಪ್ಪದವರ ಟೇಬಲ್ಲಿನಲ್ಲಿಲ್ಲ. ಫೋನಿನಲ್ಲಿ ತಕರಾರು ಕೇಳಿದರೆ ಯಾವ ಆವೃತ್ತಿ ಅಂತ ಪತ್ತೆ ಮಾಡುವುದೇ ಅರ್ಧ ಗಂಟೆ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಆ ವಾರ ನಾನು ಮನೆಯಲ್ಲಿ ಮಲಗಿದ್ದು ಎರಡೇ ರಾತ್ರಿ. 2025ರ ಸೆಪ್ಟೆಂಬರ್ 22ಕ್ಕೆ ದರಗಳು ಬದಲಾದವು. ಅವತ್ತು ಸೋಮವಾರ, ನವರಾತ್ರಿಯ ಮೊದಲ ದಿನ. ತುಪ್ಪ ಶೇಕಡಾ 12ರಿಂದ 5ಕ್ಕೆ, ಸೋಪು 18ರಿಂದ 5ಕ್ಕೆ. ವೆಬ್‌ನಲ್ಲಿರುವ ಅಂಗಡಿಗಳಿಗೆಲ್ಲ ಭಾನುವಾರ ರಾತ್ರಿಯೇ ಮನೆಯಲ್ಲಿ ಕೂತು ಒಂದೇ ಸಲ ಬದಲಿಸಿಟ್ಟೆ. ಇನ್ನೂ ಡೆಸ್ಕ್‌ಟಾಪಿನಲ್ಲೇ ಇದ್ದ ನಾಲ್ಕು ಅಂಗಡಿಯವರಿಗೆ ಮಾತ್ರ ಫೋನಿನಲ್ಲಿ ಒಂದೊಂದೇ ಸಾಲು ಓದಿ ಹೇಳಿದೆ. ವೆಬ್ ಯಾಕೆ ಗೆದ್ದಿತು ಅಂತ ಯಾರಾದರೂ ಕೇಳಿದರೆ ಆ ಎರಡು ಜಿಎಸ್‌ಟಿಗಳ ಕಥೆ ಹೇಳಿದರೆ ಸಾಕು.

ಕನ್ನಡದ ವಿಷಯವೂ ಇದೆ. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಇರುವ ಒಂದೇ ಸಂಕೇತ ಪದ್ಧತಿ. ವಿಬಿ 6ರ ಪೆಟ್ಟಿಗೆಗಳಿಗೆ ಅದನ್ನು ತೋರಿಸಲು ಬರುತ್ತಿರಲಿಲ್ಲ. ಹಾಗಾಗಿ ಆಳುಗಳ ಹೆಸರನ್ನು ಹಳೇ ಫಾಂಟಿನಲ್ಲಿ ತುಂಬಿಸಿದ್ದೆವು. ಸ್ಕ್ರೀನಿನಲ್ಲಿ ಚೆಂದದ ಕನ್ನಡ, ಒಳಗೆ ಟೇಬಲ್ಲಿನಲ್ಲಿ ಯಾವುದೋ ದೇಶದ ಅಕ್ಷರಗಳ ರಾಶಿ. ಅ ಆ ಇ ಈ ಪ್ರಕಾರ ಜೋಡಿಸು ಅಂದರೆ ಅದರ ಮನಸ್ಸಿಗೆ ಬಂದ ಹಾಗೆ ಜೋಡಿಸುತ್ತಿತ್ತು. ವೆಬ್‌ಗೆ ಸಾಗಿಸುವಾಗ ಎಲ್ಲವನ್ನೂ ಯೂನಿಕೋಡ್ ಮಾಡಬೇಕಾಯಿತು. ಆಗ ಕೈ ಕೊಟ್ಟದ್ದು ಅರ್ಕಾವತ್ತು. ಹಳೇ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲೇ ಬರಬೇಕು. ಅದನ್ನು ಸರಿ ಮಾಡದೆ ಸಾಗಿಸಿದರೆ ಕರ್ನಾಟಕ ಕನಾರ್ಟಕ ಆಗುತ್ತದೆ. ನಮ್ಮ ಪಟ್ಟಿಯಲ್ಲಿದ್ದ ಧರ್ಮಯ್ಯನವರು ಒಂದು ವಾರ ಧಮರ್ಯ್ಯ ಆಗಿದ್ದರು. ಸಂಬಳ ಸರಿಯಾಗಿ ಬಂದಿದ್ದರಿಂದ ಅವರು ಬೇಜಾರು ಮಾಡಿಕೊಳ್ಳಲಿಲ್ಲ.

2021ರಲ್ಲಿ ಒಬ್ಬೊಬ್ಬರನ್ನೇ ವೆಬ್‌ಗೆ ಸಾಗಿಸಲು ಶುರು ಮಾಡಿದೆ. ಬಾಡಿಗೆ ಸರ್ವರಿನಲ್ಲಿ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್. ಆಲ್ದೂರಿನ ಆ ತೋಟದ ಯಜಮಾನರಾದ ಗೌಡ್ರ ಮಗಳು, ರೈಟ್ರು ಅಮ್ಮ ಅನ್ನುವುದು ಅವರನ್ನೇ, ಬೆಂಗಳೂರಿನಲ್ಲಿದ್ದಾರೆ, ಅವರಿಗೆ ತೋಟದ ಲೆಕ್ಕ ಮೊಬೈಲಿನಲ್ಲಿ ಕಾಣಬೇಕಿತ್ತು. ಕಾಣಿಸಿತು. ಎಲ್ಲರಿಗೂ ಖುಷಿ.

ಆದರೆ ಬ್ರೌಸರು ಅನ್ನುವುದು ನೆಂಟರ ಮನೆಗೆ ಬಂದ ಅತಿಥಿಯ ಹಾಗೆ, ಅಡುಗೆಮನೆಗೆ ನುಗ್ಗಲು ಅದಕ್ಕೆ ಬಿಡುವುದಿಲ್ಲ. ತೂಕದ ಯಂತ್ರದಿಂದ ಬರುವ ಸೀರಿಯಲ್ ಕೇಬಲ್ಲನ್ನು ಹಳೇ ಪ್ರೋಗ್ರಾಮು ನಾಲ್ಕು ಸಾಲಿನಲ್ಲಿ ಓದುತ್ತಿತ್ತು. ಬ್ರೌಸರಿಗೆ ಆ ಕೇಬಲ್ ಇದೆ ಅಂತಲೇ ಗೊತ್ತಿಲ್ಲ. ಕ್ರೋಮಿನಲ್ಲಿ ಅದಕ್ಕೆ ದಾರಿ ಬಂದದ್ದೇ 2021ರಲ್ಲಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಹಳೆಯದು ಅಕ್ಷರಗಳನ್ನು ನೇರವಾಗಿ ಕಳಿಸುತ್ತಿತ್ತು, ಬಟವಾಡೆ ಪಟ್ಟಿ ಕರ್ ಕರ್ ಅಂತ ಎರಡು ನಿಮಿಷದಲ್ಲಿ ಹೊರಗೆ. ಬ್ರೌಸರು ಅದೇ ಪಟ್ಟಿಯನ್ನು ಚಿತ್ರ ಮಾಡಿ ಕಳಿಸುತ್ತದೆ. ಒಂದು ಪುಟ ಮುಗಿಯುವಷ್ಟರಲ್ಲಿ ಟೀ ಕುಡಿದು ಬರಬಹುದು.

ಇನ್ನೊಂದು ಸಂಗತಿ ನನ್ನ ಕೈಯಿಂದಲೇ ಆದದ್ದು. ಒಂದು ರಾತ್ರಿ ಟೇಬಲ್ಲಿಗೆ ಹೊಸ ಕಾಲಮ್ಮು ಸೇರಿಸಿ, ಪರೀಕ್ಷೆ ಮಾಡಿದೆ ಅಂದುಕೊಂಡು ಮಲಗಿದೆ. ಬೆಳಿಗ್ಗೆ ಏಳಕ್ಕೆ ಶುರುವಾಯಿತು ಫೋನು. ಮೂಡಿಗೆರೆ, ಕೊಪ್ಪ, ಬೇಲೂರು, ಎಲ್ಲ ಕಡೆ ಒಂದೇ ಸಲ ನಿಂತಿತ್ತು. ಹಳೇ ಕಾಲದಲ್ಲಿ ನನ್ನ ತಪ್ಪು ಬಸ್ಸಿನಲ್ಲಿ ಹೋಗುತ್ತಿತ್ತು, ದಿನಕ್ಕೆ ಒಂದು ಊರು. ಈಗ ನನಗಿಂತ ಮೊದಲೇ ಎಲ್ಲ ಊರು ತಲುಪಿರುತ್ತದೆ.

ಸರ್ಕಾರಿ ಕೆಲಸವೂ ಇದೇ ದಾರಿಯಲ್ಲಿ ಬಂದಿದೆ. ಭೂಮಿ ಯೋಜನೆ ಬಂದ ಹೊಸದರಲ್ಲಿ ತಾಲ್ಲೂಕು ಕಚೇರಿಯ ಕಿಟಕಿ ಮುಂದೆ ಸಾಲಿನಲ್ಲಿ ನಿಂತು ಪಹಣಿ ತರುತ್ತಿದ್ದೆವು. ಈಗ ಅದು ಮನೆಯಲ್ಲೇ ಮೊಬೈಲಿನಲ್ಲಿ ಸಿಗುತ್ತದೆ. ಅನುಕೂಲ ಸಣ್ಣದಲ್ಲ. ಆದರೆ 2025ರ ಶುರುವಿನಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಮೇಲೆ ಹೊರಗಿನಿಂದ ಡಿಡಿಒಎಸ್ ದಾಳಿ (ಸುಳ್ಳು ಕೋರಿಕೆಗಳ ಪ್ರವಾಹ ಹರಿಸಿ ಸರ್ವರನ್ನು ಉಸಿರುಗಟ್ಟಿಸುವುದು) ನಡೆದಾಗ ರಾಜ್ಯದ ಉದ್ದಗಲಕ್ಕೂ ನೋಂದಣಿಗೆ ಪೆಟ್ಟು ಬಿತ್ತು. ಎಲ್ಲವೂ ಒಂದೇ ಕಡೆ ಇದ್ದರೆ ಬಾಗಿಲೂ ಒಂದೇ ಇರುತ್ತದೆ.

ಮೇಲೆ ಹೇಳಿದ ಫೋನ್ ಬಂದ ಮೇಲೆ, ಮಳೆ ಸ್ವಲ್ಪ ಬಿಟ್ಟಾಗ ಆಲ್ದೂರಿನ ತೋಟಕ್ಕೆ ಹೋದೆ. ನೆಟ್ ಇಲ್ಲದ ದಿನ ಏನು ಮಾಡಬಹುದು ಅಂತ ನೋಡುವುದಷ್ಟೇ ಉದ್ದೇಶ. ಮೇಜಿನ ಮೇಲೆ ಕಂಪ್ಯೂಟರಿನ ಪಕ್ಕದಲ್ಲಿ ಒಂದು ಉದ್ದನೆಯ ನೋಟ್ ಪುಸ್ತಕ ಇತ್ತು. ತೆಗೆದು ನೋಡಿದರೆ ದಿನದಿನದ ಹಾಜರಿ, ತೂಕ, ಅಡ್ವಾನ್ಸು, ಎಲ್ಲ ಪೆನ್ಸಿಲಿನಲ್ಲಿ. ಕರೆಂಟು ಇದ್ದ ದಿನಗಳದ್ದೂ ಇತ್ತು. ಇಪ್ಪತ್ತು ವರ್ಷದ ಹಿಂದೆ ಇದೇ ಪುಸ್ತಕ ಬಿಡಿಸಲು ನಾನು ಈ ತೋಟಕ್ಕೆ ಕಂಪ್ಯೂಟರ್ ಹಾಕಿಸಿದ್ದು!

"ಇದೇನು ರೈಟ್ರೇ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಬೆಳಿಗ್ಗೆ ಎಂಟಕ್ಕೆ ನಲವತ್ತೊಂದು ಜನ ಅಂತ ಹಾಕ್ತೀನಿ ಸಾರ್. ಎಂಟೂ ಹತ್ತಕ್ಕೆ ಬೆಂಗಳೂರಿಂದ ಅಮ್ಮನ ಫೋನು, ಯಾಕೆ ನಲವತ್ತೊಂದೇ ಅಂತ. ಎಂಟೂವರೆಗೆ ಆಳುಗಳ ಲೈನ್‌ ಮನೆಯಿಂದ ಇನ್ನೂ ಐದು ಜನ ಬರ್ತಾರೆ. ತೂಕ ತಪ್ಪು ಹೊಡೆದ್ರೆ ನಾನು ತಿದ್ದೋದರೊಳಗೆ ಅಲ್ಲಿ ನೋಡಿ ಆಗಿರ್ತದೆ. ಅದಕ್ಕೆ ಇಲ್ಲಿ ಬರ್ಕೊಂಡು, ಸಾಯಂಕಾಲ ಸರಿ ಮಾಡಿ, ಆಮೇಲೆ ಅದಕ್ಕೆ ಹಾಕ್ತೀನಿ." ಆಮೇಲೆ ಒಂದು ಮಾತು ಸೇರಿಸಿದರು. "ಕಿರ್ದಿ ಬೇರೆ, ಖಾತೆ ಬೇರೆ ಅಲ್ವಾ ಸಾರ್? ನೀವು ಎರಡನ್ನೂ ಒಂದು ಮಾಡಿಬಿಟ್ರಿ."

ಅಂಗಡಿ ಲೆಕ್ಕ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಕಿರ್ದಿ ಅಂದರೆ ನಡೆದದ್ದನ್ನು ನಡೆದ ಹಾಗೆ, ನಡೆದ ಜಾಗದಲ್ಲಿ, ಒಂದರ ಕೆಳಗೆ ಒಂದು ಬರೆದುಕೊಂಡು ಹೋಗುವ ಪುಸ್ತಕ. ಖಾತೆ ಅಂದರೆ ಅದರಿಂದ ತೆಗೆದು, ಯಾರ ಹೆಸರಿಗೆ ಎಷ್ಟು ಅಂತ ಹಂಚಿದ್ದು. ಕಿರ್ದಿ ಗಲ್ಲಾಪೆಟ್ಟಿಗೆ ಪಕ್ಕ ಇರುತ್ತದೆ. ಖಾತೆ ಯಜಮಾನನ ಕೋಣೆಯಲ್ಲಿ ಇದ್ದರೂ ನಡೆಯುತ್ತದೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಇನ್ನೊಂದು ಹೊಳೆಯಿತು. ಪೋಸ್ಟ್‌ಗ್ರೆಸ್ ಒಳಗೆ ನಡೆಯುವುದೂ ಇದೇ. ಅದು ಟೇಬಲ್ಲನ್ನು ನೇರವಾಗಿ ಮುಟ್ಟುವುದಿಲ್ಲ. ಮೊದಲು ಏನು ಬದಲಾಗಲಿದೆ ಅಂತ ಒಂದು ಲಾಗಿನಲ್ಲಿ ಬರೆದು ಡಿಸ್ಕಿಗೆ ಭದ್ರ ಮಾಡುತ್ತದೆ, ಟೇಬಲ್ ಫೈಲಿಗೆ ಆಮೇಲೆ ನಿಧಾನವಾಗಿ ಹಾಕಿಕೊಳ್ಳುತ್ತದೆ. ನಡುವೆ ಕರೆಂಟು ಹೋದರೆ ಆ ಲಾಗು ಓದಿ ಮತ್ತೆ ಲೆಕ್ಕ ಕೂಡಿಸುತ್ತದೆ. ರೈಟ್ ಅಹೆಡ್ ಲಾಗ್ ಅನ್ನುತ್ತಾರೆ. ಒಂದೇ ಫೈಲಿನಲ್ಲಿ ಇರುವ ಪುಟ್ಟ ಡೇಟಾಬೇಸ್ ಎಸ್‌ಕ್ಯೂಲೈಟ್‌ಗೂ 2010ರಿಂದ ಈ ಏರ್ಪಾಡು ಇದೆ. ಆಕ್ಸೆಸ್‌ಗೆ ಇಂಥ ಕಿರ್ದಿ ಇರಲಿಲ್ಲ, ನೇರವಾಗಿ ಖಾತೆ ಪುಸ್ತಕಕ್ಕೇ ಬರೆಯುತ್ತಿತ್ತು, ಅದಕ್ಕೇ ಆ ಪರಿ ಕೆಡುತ್ತಿದ್ದದ್ದು. ವರ್ಷಗಟ್ಟಲೆ ಇದನ್ನು ಓದಿಕೊಂಡಿದ್ದೆ. ಡೇಟಾಬೇಸ್ ಬರೆದವರು ಒಳಗೆ ಬೇರೆ ಬೇರೆ ಇಟ್ಟದ್ದನ್ನು ನಾನು ಹೊರಗೆ ಒಂದು ಮಾಡಿದ್ದೇನೆ ಅಂತ ಹೇಳಲು ಪೆನ್ಸಿಲ್ ಹಿಡಿದ ರೈಟ್ರು ಬೇಕಾದರು.

ಹಾಗಾಗಿ ಡೆಸ್ಕ್‌ಟಾಪಾ ವೆಬ್ಬಾ ಅನ್ನುವ ಪ್ರಶ್ನೆಯನ್ನೇ ಬದಲಿಸಿಕೊಂಡೆ. ಈ ಕೆಲಸದಲ್ಲಿ ಕಿರ್ದಿ ಯಾವುದು, ಖಾತೆ ಯಾವುದು? ಕಿರ್ದಿ ಬರೆಯುವವರು ಎಲ್ಲಿ ಕೂತಿದ್ದಾರೆ?

ತೋಟದ ವಿಷಯದಲ್ಲಿ ಉತ್ತರ ಸುಲಭ. ಹಾಜರಿ ಹಾಕುವವರು ಒಬ್ಬರೇ. ಇವತ್ತಿನ ತೂಕವನ್ನು ಬೆಂಗಳೂರಿನಲ್ಲಿ ಕೂತು ಯಾರೂ ತಿದ್ದುವುದಿಲ್ಲ. ಆದ್ದರಿಂದ ತೋಟದ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಡೆಸ್ಕ್‌ಟಾಪ್ ಪ್ರೋಗ್ರಾಮು, ಅದರಡಿ ಎಸ್‌ಕ್ಯೂಲೈಟ್ ಫೈಲು. ನೆಟ್ ಇರಲಿ ಬಿಡಲಿ, ಬರೆಯುವುದು ಅದರಲ್ಲೇ. ಸಾಯಂಕಾಲ ರೈಟ್ರು "ದಿನ ಮುಗಿಸು" ಅನ್ನುವ ಬಟನ್ ಒತ್ತಿದ ಮೇಲೆ, ಟವರ್ ಸಿಕ್ಕಾಗ, ಆ ದಿನದ ಸಾಲುಗಳು ಸರ್ವರಿಗೆ ಹೋಗುತ್ತವೆ. ಅಲ್ಲಿ ಖಾತೆ. ಅಮ್ಮ ನೋಡುವುದು ಖಾತೆಯನ್ನು. ಮುಗಿಸಿದ ದಿನವನ್ನು ತಿದ್ದುವ ಹಾಗಿಲ್ಲ. ತಪ್ಪಾಗಿದ್ದರೆ ಮರುದಿನ ಇನ್ನೊಂದು ಸಾಲು ಬರೆದು ಸರಿ ಮಾಡಬೇಕು, ಹಳೇ ಪುಸ್ತಕದಲ್ಲಿ ಗೀಟು ಎಳೆದು ಪಕ್ಕದಲ್ಲಿ ಬರೆದು ಸಹಿ ಹಾಕಿದ ಹಾಗೆ.

ಮಾಡುವಾಗ ಎಡವಿದ್ದೂ ಇದೆ. ಮೊದಲ ಪ್ರಯತ್ನದಲ್ಲಿ ಜಾಣತನ ತೋರಿಸಿ ಕಿರ್ದಿಯನ್ನು ಬ್ರೌಸರಿನ ಒಳಗಿನ ಸಂಗ್ರಹವಾದ ಇಂಡೆಕ್ಸ್‌ಡ್‌ಡಿಬಿಯಲ್ಲೇ ಇಟ್ಟಿದ್ದೆ. ಇನ್‌ಸ್ಟಾಲ್ ಮಾಡುವ ರಗಳೆ ಇರಬಾರದು ಅಂತ. ರಜೆಗೆ ಬಂದ ಹುಡುಗನೊಬ್ಬ ಕಂಪ್ಯೂಟರ್ ಸ್ಲೋ ಇದೆ ಅಂತ ಬ್ರೌಸರನ್ನು ಪೂರ್ತಿ ಸ್ವಚ್ಛ ಮಾಡಿದ. ಮೂರು ದಿನದ ಕಿರ್ದಿ ಗುಡಿಸಿಹೋಯಿತು. ಪುಣ್ಯಕ್ಕೆ ಪೆನ್ಸಿಲಿನ ಪುಸ್ತಕ ಇತ್ತು. ಸಾಲಿಗೆ ತಾನಾಗಿ 1, 2, 3 ಅಂತ ಬೀಳುವ ಆಟೋ ನಂಬರ್ ಕೂಡ ಬಿಡಬೇಕಾಯಿತು. ಎರಡು ತೋಟದಲ್ಲೂ 501ನೇ ಸಾಲು ಹುಟ್ಟಿದರೆ ಸರ್ವರಿನಲ್ಲಿ ಜಗಳ. ಅದಕ್ಕೆ ಪ್ರತಿ ಸಾಲಿಗೂ ಯುಯುಐಡಿ, ಅಂದರೆ ಬೇರೆಲ್ಲೂ ಮತ್ತೆ ಹುಟ್ಟದಷ್ಟು ಉದ್ದದ ಗುರುತು. ಇನ್ನೊಂದು ತೋಟದಲ್ಲಿ ಕಂಪ್ಯೂಟರಿನ ಒಳಗಿನ ಪುಟ್ಟ ಬ್ಯಾಟರಿ ಸತ್ತು, ಕರೆಂಟು ಹೋಗಿ ಬಂದಾಗೆಲ್ಲ ತಾರೀಖು ಹದಿನೈದು ವರ್ಷ ಹಿಂದಕ್ಕೆ ಹೋಗುತ್ತಿತ್ತು. ನಾನು ಸಮಯ ನೋಡಿ ಯಾವುದು ಹೊಸದು ಅಂತ ತೀರ್ಮಾನಿಸುತ್ತಿದ್ದೆ! ಆಮೇಲೆ ಪುಟದ ನಂಬರಿನ ಹಾಗೆ ಸಾಲಿಗೊಂದು ಕ್ರಮಸಂಖ್ಯೆ ಹಾಕಿದೆ.

ಎಲ್ಲಕ್ಕೂ ಇದು ಒಗ್ಗುವುದಿಲ್ಲ. ಗೋಡೌನಿನ ಸ್ಟಾಕು ತೆಗೆದುಕೊಳ್ಳಿ. 50 ಕಿಲೋ ಚೆರ್ರಿಗೆ ಎಷ್ಟು ಕಿಲೋ ಕಾಫಿಬೀಜ ಇಳಿಯುತ್ತದೆ ಅನ್ನುವ ಔಟ್‌ಟರ್ನ್ ನೋಡಿ, ಒಂದೇ ಲಾಟನ್ನು ಚಿಕ್ಕಮಗಳೂರಿನಲ್ಲಿ ಒಬ್ಬರು, ಹಾಸನದಲ್ಲಿ ಇನ್ನೊಬ್ಬರು ಮಾರಲು ಕೂತಿರುತ್ತಾರೆ. ಇಲ್ಲಿ ಕಿರ್ದಿ ಅವರವರ ಹತ್ತಿರ ಇದ್ದರೆ ಒಂದೇ ಚೀಲ ಎರಡು ಸಲ ಮಾರಾಟ ಆಗುತ್ತದೆ. ಅಂಥ ಕಡೆ ಸರ್ವರಿನ ಮಾತೇ ಮಾತು, ನೆಟ್ ಇಲ್ಲದಿದ್ದರೆ ಮಾರಾಟವೂ ಇಲ್ಲ. ಅದು ಶುದ್ಧ ವೆಬ್ ಕೆಲಸ. ನಾನು ಅದರಲ್ಲಿ ಕೈ ಆಡಿಸಲು ಹೋಗಿಲ್ಲ.

ಅಂದಹಾಗೆ ಹಾಸನ ಅಂದಕೂಡಲೆ ನೆನಪಾಯಿತು. 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಅಲ್ಲಿದೆ. 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳಿಗೆ ಅಲ್ಲಿಂದ ಸಂಕೇತ ಹೋಗುತ್ತದೆ. ಅಲ್ಲಿಂದ ಸಕಲೇಶಪುರ ದಾಟಿ ತೋಟಗಳ ಕಡೆ ಇಳಿದರೆ ನನ್ನ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಇಲ್ಲ. ಸಾಫ್ಟ್‌ವೇರ್ ಬರೆಯುವಾಗ ನಾನು ನೆನಪಿಟ್ಟುಕೊಳ್ಳುವುದು ಎರಡನೆಯದನ್ನು.

ಹುಡುಗರಿಗೆ ಹೇಳಲೇಬೇಕಾದ ಇನ್ನೊಂದು ವಿಷಯ ಇದೆ, ಅದು ಕೋಡಿನದ್ದಲ್ಲ. ಒಬ್ಬ ಬೆಳೆಗಾರರು ಯಾವುದೋ ಕಂಪನಿಯ ವೆಬ್ ಲೆಕ್ಕ ಬಳಸುತ್ತಿದ್ದರು. ಒಂದು ವರ್ಷ ಚಂದಾ ಕಟ್ಟುವುದು ತಡವಾಯಿತು, ಬಾಗಿಲು ಮುಚ್ಚಿತು. ನನ್ನ ಹತ್ತಿರ ಬಂದು ಕೇಳಿದರು, "ದುಡ್ಡು ಕಟ್ಟದಿದ್ರೆ ನನ್ನ ಲೆಕ್ಕ ನನಗೇ ಕಾಣಲ್ವಾ ಮಾರಾಯ್ರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ನನ್ನ ವೆಬ್ ಆವೃತ್ತಿಯೂ ಹಾಗೆಯೇ ಇತ್ತು. ಇನ್ನೂ ಯೋಚಿಸಿದರೆ ಹೆದರಿಕೆ ಜಾಸ್ತಿ. ನಂದು ಒಬ್ಬನ ಅಂಗಡಿ. ನಾಳೆ ನನಗೆ ಏನಾದರೂ ಆದರೆ ಸರ್ವರಿನ ಬಾಡಿಗೆ ಕಟ್ಟುವವರಿಲ್ಲ, ಡೊಮೇನ್ ನವೀಕರಿಸುವವರಿಲ್ಲ. ಕೆಲವೇ ತಿಂಗಳಲ್ಲಿ ಎಲ್ಲ ಆರಿಹೋಗುತ್ತದೆ. 2003ರ ಆ ಇಎಕ್ಸ್‌ಇ ಮಾತ್ರ ನಾನು ಇದ್ದೇನೋ ಇಲ್ಲವೋ ಕೇಳದೆ ಓಡುತ್ತಲೇ ಇರುತ್ತದೆ. ಈಗ ಪ್ರತಿ ತಿಂಗಳ ಕೊನೆಗೆ ಖಾತೆಯ ಪೂರ್ತಿ ಪ್ರತಿ ಒಂದು ಎಸ್‌ಕ್ಯೂಲೈಟ್ ಫೈಲಾಗಿ ಆಯಾ ಗಿರಾಕಿಯ ಕಂಪ್ಯೂಟರಿಗೇ ಇಳಿಯುವಂತೆ ಮಾಡಿದ್ದೇನೆ. ಅದನ್ನು ತೆರೆಯಲು ನಾನು ಬೇಕಾಗಿಲ್ಲ.

ಕಳೆದ ಮಳೆಗಾಲದಲ್ಲಿ ನಾಲ್ಕು ದಿನ ಆಲ್ದೂರಿನ ತೋಟದ ಸಾಲುಗಳು ಸರ್ವರಿಗೆ ಬರಲಿಲ್ಲ. ಫೋನೂ ಬರಲಿಲ್ಲ. ಐದನೇ ದಿನ ನಾನೇ ಮಾಡಿದೆ. ಹತ್ತು ಸಲ ಪ್ರಯತ್ನಿಸಿದ ಮೇಲೆ ಸಿಕ್ಕರು.

"ಕಿರ್ದಿ ಆಗಿದೆ ಸಾರ್. ಬಟವಾಡೆನೂ ಆಯ್ತು. ಟವರ್ ಬಂದ ಮೇಲೆ ಖಾತೆಗೆ ಹೋಗ್ತದೆ."

"ಆ ಹಳೇ ಪ್ರೋಗ್ರಾಮು ಈಗಲಾದ್ರೂ ತೆಗೆದ್ರಾ ರೈಟ್ರೇ?"

"ಇರ್ಲಿ ಬಿಡಿ ಸಾರ್," ಅಂದರು. "ಅದೇನು ಅನ್ನ ಕೇಳ್ತದಾ?"